ಉಳಿದದ್ದು ಮುಖತಃ

ದೆವ್ವ, ಪಿಶಾಚಿ, ಮೈಮೇಲೆ ಬರುವುದು ಇಂಥವನ್ನೆಲ್ಲ ನಾನು ಯಾವತ್ತೂ ನಂಬಿದವನಲ್ಲ. ಕುರುಗೋಡಿನ ಗುಡ್ಡದ ಕೆಳಗೆ ಯಾರಿಗೋ ಗಾಳಿ ಸೋಕಿತು ಎಂದು ಬೇವಿನ ಸೊಪ್ಪು ಹಿಡಿದು ಓಡುವವರನ್ನು ಕಂಡರೆ ನಗುತ್ತಿದ್ದೆ. ಸೋಕಿದ್ದು ಗಾಳಿಯಲ್ಲ, ಬಿಸಿಲು ಎನ್ನುತ್ತಿದ್ದೆ. ಈಗಲೂ ಪೂರ್ತಿ ನಂಬಿದ್ದೇನೆ ಎಂದು ಹೇಳಲಾರೆ. ಆದರೆ ಸಿರುಗುಪ್ಪದ ಕಚೇರಿಯಲ್ಲಿ ಒಂದು ದಿನ ಹಾಡುಹಗಲಲ್ಲಿ, ಹತ್ತಾರು ಜನರ ಎದುರಿಗೆ ನನಗಾದದ್ದನ್ನು ಸುಳ್ಳೆಂದು ತಳ್ಳಿಹಾಕಲೂ ಆಗುವುದಿಲ್ಲ. ಅದನ್ನು ಆದ ಹಾಗೆ ಬರೆಯುತ್ತೇನೆ. ನಡುವೆ ಸಿಟ್ಟಿನ ಮಾತು ಬಂದರೆ ಓದುಗರು ಬೇಸರಪಡಬಾರದು. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಬಹಳ ವರ್ಷ ಕಾದೆ. ಅದು ಇಳಿಯಲಿಲ್ಲ, ನನಗೇ ವಯಸ್ಸಾಯಿತು.

ನನ್ನ ಸೋದರಮಾವ ಹನುಮಂತರಾಯರು ವಕೀಲರಾಗಿದ್ದರು. ವಕೀಲರೆಂದರೆ ಈಗಿನಂತೆ ಕೋರ್ಟಿನಲ್ಲಿ ವಾದ ಮಾಡುವವರಲ್ಲ. ಒಬ್ಬ ಅರಸನ ಪರವಾಗಿ ಇನ್ನೊಂದು ದರ್ಬಾರಿನಲ್ಲಿ ಕೂಡುವ ರಾಯಭಾರಿಗೆ ಆಗ ವಕೀಲ ಎನ್ನುತ್ತಿದ್ದರು. ತುಂಗಭದ್ರೆಯ ಆಚೆಗಿನ ಒಂದು ಸಣ್ಣ ಸಂಸ್ಥಾನ ಅವರಿಗೆ ಅನ್ನ ಕೊಡುತ್ತಿತ್ತು. ಅದರ ಹೆಸರನ್ನು ಬರೆಯುವುದಿಲ್ಲ. ಬರೆದರೆ ಅದಕ್ಕೆ ಮರ್ಯಾದೆ ಕೊಟ್ಟಂತಾಗುತ್ತದೆ. ಅದರ ಪರವಾಗಿ ಮಾಮಾ ಮೊದಲು ಬಡಗಣ ದಿಕ್ಕಿನ ಒಬ್ಬ ನವಾಬನಲ್ಲಿ ಒಂಬತ್ತು ವರ್ಷ ಇದ್ದರು. ಆಮೇಲೆ ಕೃಷ್ಣೆಯ ಆಚೆ ಒಂದು ಮರಾಠಿ ಸಂಸ್ಥಾನದಲ್ಲಿ ಹನ್ನೊಂದು ವರ್ಷ. ಕೊನೆಗೆ ನಮ್ಮ ಬಳ್ಳಾರಿಯ ದಂಡಿನಲ್ಲಿ, ಇಂಗ್ಲಿಷ್ ಸಾಹೇಬರ ಹತ್ತಿರ. ಮೂರು ಕಡೆಗೆ ಮೂರು ಬಗೆಯಲ್ಲಿ ರುಮಾಲು ಸುತ್ತುತ್ತಿದ್ದರು. ನವಾಬನ ಔತಣದಲ್ಲಿ ಒಂದು ತುತ್ತೂ ಮುಟ್ಟದೆ, ಮುಟ್ಟಲಿಲ್ಲವೆಂದು ಯಾರಿಗೂ ಅನಿಸದ ಹಾಗೆ ಮೂರು ತಾಸು ಕೂತು, ಬಿಡಾರಕ್ಕೆ ಬಂದು ಸ್ನಾನ ಮಾಡಿ, ತಾವೇ ಬೇಯಿಸಿಕೊಂಡ ಅನ್ನ ಸಾರು ಉಣ್ಣುತ್ತಿದ್ದರಂತೆ. ಉರ್ದು, ಮರಾಠಿ, ತೆಲುಗು ಅವರಿಗೆ ಕನ್ನಡದಷ್ಟೇ ಸಲೀಸು. ಹೆಂಡತಿಯನ್ನು ಮಾತ್ರ ಯಾವ ದರ್ಬಾರಿಗೂ ಕರೆದುಕೊಂಡು ಹೋಗಲಿಲ್ಲ. ಭಾಗೀರಥಿ ಅತ್ತೆ ಕುರುಗೋಡಿನಲ್ಲೇ ಇದ್ದರು. ಮಕ್ಕಳಿರಲಿಲ್ಲ. ಮಾಮಾ ವರ್ಷಕ್ಕೆ ಹದಿನೈದು ದಿನ ಬಂದು ಹೋಗುತ್ತಿದ್ದರು.

ಅವರು "ನಾನು" ಎಂದದ್ದನ್ನು ನಾನು ಕೇಳಿದ್ದು ಕಡಿಮೆ. "ನಮ್ಮ ಸರ್ಕಾರದವರು ಹೀಗೆ ಹೇಳುತ್ತಾರೆ" ಎನ್ನುವುದು ರೂಢಿಯಾಗಿ ಹೋಗಿತ್ತು. ಒಮ್ಮೆ ಊಟಕ್ಕೆ ಮಾವಿನ ಹಣ್ಣಿನ ಸೀಕರಣೆ ಮಾಡಿದ್ದರು. ಹೆಂಗದ ಮಾಮಾ ಎಂದು ಕೇಳಿದೆ. "ಎಲ್ಲಾರೂ ಚಲೋ ಅದ ಅನ್ಲಿಕ್ಕೆ ಹತ್ಯಾರ" ಎಂದರು. ಅತ್ತೆ ಒಳಗಿನಿಂದಲೇ, "ಅವರ ನಾಲಿಗೆ ಏನಂತದ, ಅದನ್ನ ಕೇಳಪಾ" ಎಂದರು. ಮಾಮಾ ನಕ್ಕರು.

ಇಲ್ಲಿ ಒಂದು ಪದ್ಧತಿಯನ್ನು ಹೇಳಲೇಬೇಕು. ಅರಸರ ಪತ್ರದಲ್ಲಿ ವಿಷಯವೇ ಇರುತ್ತಿರಲಿಲ್ಲ. ಜರಿಯ ಚೀಲ, ಅರಗಿನ ಮುದ್ರೆ, ಒಳಗೆ ಮೊಳದುದ್ದ ಹೊಗಳಿಕೆ, ಕ್ಷೇಮ ಸಮಾಚಾರ. ಕೊನೆಗೆ ಒಂದೇ ಸಾಲು: "ಉಳಿದ ಮಜಕೂರನ್ನು ನಮ್ಮ ವಕೀಲರು ಮುಖತಃ ನಿವೇದಿಸುವರು." ಹಾಗೆ ಉಳಿದ ವಿಷಯವೇ ನಿಜವಾದ ಪತ್ರ. ಅರಸ ಬಾಗಿಲು ಹಾಕಿಕೊಂಡು ಅದನ್ನು ವಕೀಲನಿಗೆ ಒಂದು ಸಲ ಹೇಳುತ್ತಿದ್ದ. ವಕೀಲ ಅದನ್ನು ಅರಸನ ಮಾತಿನಲ್ಲೇ, "ನಾವು" ಎಂದೇ, ಹೋದ ಕಡೆ ಒಂದು ಸಲ ಹೇಳುತ್ತಿದ್ದ. ಹೇಳಿ, ಬೆನ್ನು ತೋರಿಸದೆ ಮೂರು ಹೆಜ್ಜೆ ಹಿಂದೆ ಸರಿದು ನಿಂತನೆಂದರೆ ಮುಗಿಯಿತು. ಅದನ್ನು ಮತ್ತೆ ಯಾರಿಗೂ ಹೇಳುವಂತಿಲ್ಲ, ಎಲ್ಲೂ ಬರೆದಿಡುವಂತಿಲ್ಲ. ದೊಡ್ಡವರಿಗೆ ಇದು ಬಹಳ ಅನುಕೂಲದ ಪದ್ಧತಿ. ಮಾತು ಫಲಿಸಿದರೆ ಅರಸನದು, ತಿರುಗಿ ಬಿದ್ದರೆ ವಕೀಲನದು. ಇದನ್ನು ಕಂಡುಹಿಡಿದವನು ಯಾರೋ ಗೊತ್ತಿಲ್ಲ, ಅವನಿಗೆ ಒಳ್ಳೆಯದಾಗದಿರಲಿ.

ಸಿರುಗುಪ್ಪದ ಹತ್ತಿರ, ಹೊಳೆದಂಡೆಯ ಮೇಲೆ ಕರೇದಿನ್ನಿ ಎಂಬ ಹಳ್ಳಿ ಇತ್ತು. ಹೊಳೆಯ ಈಚೆ ಇದ್ದರೂ ಹಿಂದಿನಿಂದ ಅದು ಆ ಸಂಸ್ಥಾನದ್ದು. ಅಲ್ಲಿ ನಲವತ್ತು ಮನೆ ಅಂಬಿಗರು. ಅರಸರ ಜನರನ್ನು ಹರಿಗೋಲಿನಲ್ಲಿ ಹೊಳೆ ದಾಟಿಸುವುದು ಅವರ ಚಾಕರಿ, ಅದಕ್ಕಾಗಿ ಕಾಲುವೆಯ ಕೆಳಗಿನ ಗದ್ದೆ ಅವರಿಗೆ ಇನಾಮು. ಗಡಿಯ ತಂಟೆ ಬೇಡವೆಂದು ಅರಸರು ಆ ಹಳ್ಳಿಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಪತ್ರ ಒಯ್ದವರು ಮಾಮಾ. ಆಗಿನ ಸಾಹೇಬರು ಮಾಮಾನ ಬಾಯಿಂದ ಅದೇನು ಕೇಳಿದರೋ, ಅಂಬಿಗರ ಗದ್ದೆ ಅಂಬಿಗರಿಗೇ ಇರಲಿ ಎಂದು ಊರಲ್ಲಿ ಡಂಗುರ ಸಾರಿಸಿದರು. ಮರುವರ್ಷ ತಮ್ಮ ದೇಶಕ್ಕೆ ಹೊರಟುಹೋದರು. ಹೊಸ ಸಾಹೇಬರು ಬಂದು, ಈ ಗದ್ದೆ ಇವರದೆನ್ನುವುದಕ್ಕೆ ಕಾಗದ ಎಲ್ಲಿ ಎಂದು ಕೇಳಿದರು. ಕಾಗದ ಎಲ್ಲಿಂದ ಬರಬೇಕು?

ಸಂಸ್ಥಾನಕ್ಕೆ ಬರೆದು ಕೇಳಿದರು. ದಿವಾನ ಉತ್ತರ ಕಳಿಸಿದ: ನಮ್ಮ ಪ್ರಭುಗಳು ಅಂಥ ಮಾತು ಆಡಿಯೇ ಇಲ್ಲ, ವಕೀಲನು ಅಂಬಿಗರಿಂದ ತಿಂದು ತಾನೇ ಕಟ್ಟಿ ಹೇಳಿರಬೇಕು. ಆ ಗದ್ದೆಯ ಮೇಲೆ ದಿವಾನನ ಹೆಂಡತಿಯ ತಮ್ಮನಿಗೆ ಕಣ್ಣಿತ್ತು ಎಂದು ಸಿರುಗುಪ್ಪದ ಸಂತೆಯಲ್ಲಿ ಬದನೆಕಾಯಿ ಮಾರುವವಳಿಗೂ ಗೊತ್ತಿತ್ತು. ಅರಸರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ಮನಿದ್ದರೋ ನಾನು ಹೇಳಲಾರೆ. ಸುಮ್ಮನಿದ್ದದ್ದಂತೂ ನಿಜ.

ಮಾಮಾನನ್ನು ತೆಗೆದುಹಾಕಿದರು. ಪಲ್ಲಕ್ಕಿ ಕಿತ್ತುಕೊಂಡರು, ಛತ್ರಿ ಕಿತ್ತುಕೊಂಡರು. ದಂಡಿನಿಂದ ಬಳ್ಳಾರಿ ಕೋಟೆ ಬುಡದ ನಮ್ಮ ಮನೆಯವರೆಗೆ ಮಟಮಟ ಮಧ್ಯಾಹ್ನದಲ್ಲಿ ಅವರು ನಡೆದುಕೊಂಡು ಬಂದರು. ಪೇಟೆಯಲ್ಲಿ ನಿನ್ನೆಯವರೆಗೆ ಎದ್ದು ನಿಂತು ಕೈಮುಗಿಯುತ್ತಿದ್ದ ಅಂಗಡಿಯವರು ಅವತ್ತು ಕೂತಲ್ಲೇ ಕೂತು ನೋಡಿದರು. ಸುಳ್ಳು ವಕೀಲ ಎಂಬ ಹೆಸರು ವಾರದೊಳಗೆ ಊರೆಲ್ಲ ಹಬ್ಬಿತು. ಆಗ ನಾನು ಸಿರುಗುಪ್ಪದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಸುದ್ದಿ ಕೇಳಿ ಓಡಿ ಬಂದೆ.

"ಮಾಮಾ, ಅವತ್ತು ಬಾಗಲಾ ಹಾಕ್ಕೊಂಡು ಅರಸರು ಏನು ಹೇಳಿದ್ರು, ಇದ್ದದ್ದು ಇದ್ದಂಗ ನನಗ ಹೇಳ್ರಿ. ಬರಕೊಂಡು ಸಾಹೇಬರ ಮುಂದ ಇಡ್ತೀನಿ" ಎಂದೆ.

"ಅದು ನನ್ನ ಮಾತಲ್ಲಪಾ" ಎಂದರು. "ಹೇಳೋ ಕಡೆ ಹೇಳೀನಿ. ಎರಡನೇ ಸಲ ಹೇಳ್ಲಿಕ್ಕೆ ನನಗ ಹುಕುಂ ಇಲ್ಲ."

"ಹುಕುಂ ಕೊಡೋರೇ ನಿಮ್ಮನ್ನ ಕಳ್ಳ ಅಂದಾರ."

"ಅನ್ಲಿ. ಅದು ಅವರ ಮಾತು."

ನನಗೆ ಮೈಯೆಲ್ಲ ಉರಿದುಹೋಯಿತು. ನೀವು ಸತ್ತರೂ ಆ ಮನೆಯ ಹೊಸ್ತಿಲು ನೆಕ್ಕುವುದನ್ನು ಬಿಡುವುದಿಲ್ಲ ಎಂದುಬಿಟ್ಟೆ. ಹಿರಿಯರಿಗೆ ಆಡಬಾರದ ಮಾತು. ಅವರು ರುಮಾಲು ಬಿಚ್ಚಿ ಮಡಚಿಡುತ್ತ ಕೂತರು. ಮೂರು ತಿಂಗಳಿಗೆ ಕುರುಗೋಡಿನಲ್ಲಿ ತೀರಿಕೊಂಡರು. ಜ್ವರದಲ್ಲಿ ಕನವರಿಸುವಾಗಲಾದರೂ ಬಾಯಿ ಬಿಟ್ಟಾರೆಂದು ನಾನು ಎರಡು ದಿನ ಪಕ್ಕದಲ್ಲೇ ಕೂತಿದ್ದೆ. ಬಿಡಲಿಲ್ಲ.

ಇದಕ್ಕಿಂತ ನಾಚಿಕೆಯ ವಿಷಯ ಒಂದಿದೆ, ಅದನ್ನೂ ಬರೆಯಬೇಕು. ಅವರು ಹಾಗೆ ಬಾಯಿ ಮುಚ್ಚಿಕೊಂಡು ಹೋದ ಮೇಲೆ ನನಗೂ ಸಂಶಯ ಬಂತು. ಅಂಬಿಗರ ಮೇಲಿನ ಕರುಣೆಯಿಂದ ಮಾಮಾ ಒಂದು ಮಾತು ಸೇರಿಸಿ ಹೇಳಿದ್ದರೂ ಹೇಳಿರಬಹುದು, ಅದಕ್ಕೇ ಉತ್ತರ ಕೊಡಲಿಲ್ಲ ಎಂದುಕೊಂಡೆ. ಯಾರ ಮನೆಯ ಅನ್ನ ಉಂಡು ಬೆಳೆದೆನೋ ಅವರನ್ನೇ ಅರ್ಧ ಸುಳ್ಳುಗಾರ ಎಂದು ಮನಸ್ಸಿನಲ್ಲಿ ಬರೆದುಕೊಂಡಿದ್ದೆ.

ಮಾಮಾನನ್ನು ತೆಗೆದುಹಾಕಿದ ಎರಡು ವರ್ಷದ ಮೇಲೆ ಗದ್ದೆಯ ವಿಚಾರಣೆ ಸಿರುಗುಪ್ಪದಲ್ಲಿ ಗೊತ್ತಾಯಿತು. ಸಾಹೇಬರು ಬಳ್ಳಾರಿಯಿಂದ ಹೊರಟು, ರೂಪನಗುಡಿಯಲ್ಲಿ ಡೇರೆ ಹಾಕಿ ತಂಗಿ, ಮರುದಿನ ಬಂದು ಇಳಿದರು. ಆಚೆಯಿಂದ ದಿವಾನ ಬಂದ. ಯಾರೂ ಎಣಿಸದೆ ಅರಸರೂ ಬಂದರು. ಹೊಳೆಯಾಚೆ ಯಾವುದೋ ಹರಕೆಗೆ ಬಂದಿದ್ದವರು ಹಾಗೇ ಈಚೆ ದಾಟಿದರಂತೆ. ಆ ಹೊತ್ತಿಗೆ ಅವರು ಮುದುಕರು, ನಡೆಯುವಾಗ ಕೋಲು ಬೇಕಿತ್ತು.

ಬೆಳಿಗ್ಗೆ ಕಚೇರಿಯ ಕಟ್ಟೆಯ ಮೇಲೆ ಅಂಬಿಗರೆಲ್ಲ ಕೂತಿದ್ದರು. ಅವರಲ್ಲಿ ತಿಮ್ಮವ್ವ ಎಂಬ ಮುದುಕಿ ಎದ್ದು ನನ್ನ ದಾರಿಗೆ ಅಡ್ಡ ನಿಂತಳು.

"ಸ್ವಾಮೇರ, ನಿಮ್ಮ ಮಾವ ಸುಳ್ಳು ಹೇಳಿದ್ರೇನ್ರಿ?" ಎಂದು ಕೇಳಿದಳು. "ಇವತ್ತು ಗದ್ದಿ ಹೋದ್ರ ನಾವು ಹೊಳ್ಯಾಗ ಬೀಳಾಕ ಅದೀವಿ, ಅದರ ಚಿಂತಿ ಬ್ಯಾರೆ. ಸುಳ್ಳು ಹೇಳಿ ಆಸಿ ಹಚ್ಚಿದ್ರೋ, ಖರೇ ಹೇಳಿದ್ರೋ, ಅಷ್ಟು ತಿಳೀಬೇಕಾಗೇತಿ."

"ನನಗ ಗೊತ್ತಿಲ್ಲ ತಿಮ್ಮವ್ವ" ಎಂದು ಒಳಗೆ ಹೋದೆ. ಅವಳ ಕಣ್ಣು ತಪ್ಪಿಸಿ ಹೋದೆ ಎನ್ನುವುದೇ ಸರಿ.

ನನ್ನ ಕೆಲಸ ಇಷ್ಟೇ ಇತ್ತು. ಹಳೆಯ ಪತ್ರ ಮರಾಠಿಯ ಮೋಡಿ ಲಿಪಿಯಲ್ಲಿತ್ತು. ಕಚೇರಿಯಲ್ಲಿ ಮೋಡಿ ಓದುವವನು ನಾನೊಬ್ಬನೇ, ಅದೂ ಮಾಮಾ ಕಲಿಸಿದ್ದು. ಪತ್ರವನ್ನು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಅರ್ಥ ಹೇಳಿ ಕೂಡಬೇಕು. ಸಾಹೇಬರು ಮೇಜಿನ ಆಚೆ, ಬಲಕ್ಕೆ ಅರಸರು ಕುರ್ಚಿಯಲ್ಲಿ, ಅವರ ಹಿಂದೆ ದಿವಾನ, ಪಕ್ಕಕ್ಕೆ ನಮ್ಮ ಶಿರಸ್ತೇದಾರರು. ಬಾಗಿಲಲ್ಲಿ ಅಂಬಿಗರು. ಹೊತ್ತು ಹನ್ನೊಂದು ಗಂಟೆ ಇರಬಹುದು. ಕಿಟಕಿಯ ಬಿಸಿಲು ನನ್ನ ಕಾಲ ಮೇಲೆ ಬಿದ್ದಿತ್ತು. ನನಗೆ ಜ್ವರವಿರಲಿಲ್ಲ, ಹಸಿವಿರಲಿಲ್ಲ, ಹಿಂದಿನ ರಾತ್ರಿ ನಿದ್ದೆಯೂ ಚೆನ್ನಾಗಿ ಬಂದಿತ್ತು. ಓದುಗರು ಇದನ್ನು ಗಮನದಲ್ಲಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಹೊಗಳಿಕೆಯನ್ನು ಓದಿದೆ. ಕ್ಷೇಮ ಸಮಾಚಾರ ಓದಿದೆ. "ಉಳಿದ ಮಜಕೂರನ್ನು ನಮ್ಮ ವಕೀಲರು ಮುಖತಃ ನಿವೇದಿಸುವರು" ಎಂಬ ಕೊನೆಯ ಸಾಲನ್ನೂ ಓದಿದೆ. ದಿವಾನ ಸಣ್ಣಗೆ ನಕ್ಕ. ಪತ್ರ ಮಡಚಬೇಕೆಂದು ಕೈ ಎತ್ತಿದೆ. ಕೈ ಮಡಚಿತು, ಬಾಯಿ ಮಾತ್ರ ನಿಲ್ಲಲಿಲ್ಲ.

ಧ್ವನಿ ನನ್ನದೇ. ಮಾತು ನನ್ನದಲ್ಲ. ಅದು ಉರ್ದು. ನಾನು ಬಲ್ಲದ್ದು ತರಕಾರಿ ಕೊಳ್ಳುವ, ಗಾಡಿಯವನ ಹತ್ತಿರ ಜಗಳವಾಡುವ ಪೇಟೆಯ ಉರ್ದು. ಅವತ್ತು ನನ್ನ ಬಾಯಿಂದ ಬಂದದ್ದು ದರ್ಬಾರಿನ ಉರ್ದು, ನಿಧಾನವಾಗಿ, ಒಂದೊಂದು ಮಾತನ್ನೂ ತೂಗಿ ಇಟ್ಟ ಹಾಗೆ. ಹೇಳುತ್ತಿದ್ದವನು ನಾನಾದರೂ ಉಳಿದವರಂತೆ ನಾನೂ ಕೇಳುತ್ತ ನಿಂತಿದ್ದೆ. ನಿಲ್ಲಿಸಬೇಕೆಂದು ಹಲ್ಲು ಕಚ್ಚಲು ನೋಡಿದೆ, ಆಗಲಿಲ್ಲ. ಕನ್ನಡದಲ್ಲಿ ಅದು ಹೀಗಾಗುತ್ತದೆ:

"ನಾವು ಹದಿನಾರು ವರ್ಷದವರಿದ್ದಾಗ, ತಂದೆಯವರಿಗೆ ತಿಳಿಸದೆ ಒಬ್ಬರೇ ಹೊಳೆಗೆ ಇಳಿದು ಸುಳಿಗೆ ಸಿಕ್ಕೆವು. ಕರೇದಿನ್ನಿಯ ಅಂಬಿಗರ ದುರುಗ ನಮ್ಮ ಜುಟ್ಟು ಹಿಡಿದು ದಂಡೆಗೆ ಎಳೆದು ಹಾಕಿದ. ಅರಸರ ಮಗನ ಜುಟ್ಟಿಗೆ ಕೈ ಹಾಕಿದೆನಲ್ಲ ಎಂದು ಹೆದರಿ ಅವನು ನಮ್ಮ ಕಾಲು ಹಿಡಿದು ಅತ್ತ. ನಾವೂ ಅತ್ತೆವು. ಅವನು ಸಾಯುವತನಕ ಇದನ್ನು ಯಾರಿಗೂ ಹೇಳಲಿಲ್ಲ, ನಾವೂ ಹೇಳಲಿಲ್ಲ. ಹಳ್ಳಿಯನ್ನು ತಮಗೆ ಒಪ್ಪಿಸುತ್ತಿದ್ದೇವೆ. ಆ ಗದ್ದೆಯನ್ನು ಮಾತ್ರ ದುರುಗನ ಕುಲಕ್ಕೆ ಬಿಟ್ಟು ಮಿಕ್ಕದ್ದನ್ನು ತೆಗೆದುಕೊಳ್ಳಬೇಕು. ನಮ್ಮ ಸರ್ಕಾರದವರ ಅಪ್ಪಣೆ ಇಷ್ಟು."

ಆಮೇಲೆ ನನ್ನ ಕಾಲು ತಾನಾಗಿ ಮೂರು ಹೆಜ್ಜೆ ಹಿಂದೆ ಸರಿಯಿತು. ಮೂರನೆಯದಕ್ಕೆ ಬೆಂಚು ಹಿಮ್ಮಡಿಗೆ ಬಡಿಯಿತು. ಆ ನೋವಿಗೆ ಬಾಯಿ ನನ್ನದಾಯಿತು.

ಅರಸರ ಕೈ ಮೆಲ್ಲಗೆ ಮೇಲೆದ್ದು ರುಮಾಲಿನ ಹಿಂದೆ, ಜುಟ್ಟು ಇರುವ ಕಡೆ ಹೋಗಿ ನಿಂತಿತ್ತು. ಅದು ಅವರಿಗೇ ಗೊತ್ತಿದ್ದಂತೆ ಕಾಣಲಿಲ್ಲ.

"ಇದನ್ನ ನಿನಗ ಯಾರು ಹೇಳಿದ್ರು?" ಎಂದರು.

"ಯಾರೂ ಹೇಳಿಲ್ಲರಿ" ಎಂದೆ. ಅದು ನಿಜವಾದ ಮಾತು.

ದಿವಾನ ಬಗ್ಗಿ ಏನೋ ಹೇಳಲು ಹೋದ. ಅರಸರು ಕೋಲಿನಿಂದ ನೆಲ ಕುಟ್ಟಿದರು. "ಸುಮ್ನಿರ್ರಿ ದಿವಾನರ. ಮಾತು ನಮ್ಮದು. ನಾವ ಹೇಳಿ ಕಳಿಸಿದ್ವಿ" ಎಂದು, ಅದನ್ನೇ ಸಾಹೇಬರಿಗೆ ಉರ್ದುವಿನಲ್ಲಿ ಹೇಳಿದರು. ಸಾಹೇಬರು ಬರೆದುಕೊಂಡರು. ಗದ್ದೆ ಅಂಬಿಗರಿಗೇ ಉಳಿಯಿತು. ನಲವತ್ತು ಮನೆಯ ಬದುಕು ಮೂರು ಸಾಲಿನಲ್ಲಿ ಮುಗಿದ ಕೆಲಸ. ಎರಡು ವರ್ಷದ ಹಿಂದೆ ಇದೇ ಮೂರು ಸಾಲು ಬರೆದು ಕಳಿಸಲು ಈ ಮಹಾನುಭಾವರಿಗೆ ಯಾವ ರೋಗ ಬಂದಿತ್ತು?

ನನ್ನ ಸಿಟ್ಟು ಅಲ್ಲಿಗೇ ಮುಗಿಯುತ್ತಿತ್ತೇನೋ. ಅಷ್ಟರಲ್ಲಿ ಅರಸರು ಪ್ರೀತಿಯ ದನಿಯಲ್ಲಿ, "ನಮ್ಮ ವಕೀಲರು ಎಲ್ಲಿ ಅದಾರ? ಹೇಳಿ ಕಳಸ್ರಿ, ನೋಡಿ ಭಾಳ ದಿನ ಆತು" ಎಂದರು. ದಿವಾನ ನೆಲ ನೋಡಿದ. ಅವರು ತೀರಿಕೊಂಡು ಎರಡು ವರ್ಷ ಆಗುತ್ತ ಬಂತು ಎಂದು ನಾನೇ ಹೇಳಬೇಕಾಯಿತು. ಅರಸರಿಗೆ ಅದು ಗೊತ್ತೇ ಇರಲಿಲ್ಲ. ಮೂವತ್ತು ವರ್ಷ ತಮ್ಮ ನಾಲಿಗೆಯಾಗಿ ಮೂರು ದರ್ಬಾರು ಸುತ್ತಿದ ಮನುಷ್ಯ ಸತ್ತದ್ದು ಆ ಮನೆಯಲ್ಲಿ ಸುದ್ದಿಯೂ ಆಗಿರಲಿಲ್ಲ. ಕೂಡಲೇ ಹೆಗಲ ಮೇಲಿನ ಶಾಲನ್ನೇ ತೆಗೆದು, ಅವರ ಮನೆಯವರಿಗೆ ಕೊಡು ಎಂದು ನನ್ನ ಕೈಗೆ ಹಾಕಿದರು. ಅವರ ಮುಖಕ್ಕೇ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಕೈಮುಗಿದೆ. ನನ್ನದೂ ಸರ್ಕಾರದ ಅನ್ನ.

ಹೊರಗೆ ಬಂದಾಗ ತಿಮ್ಮವ್ವ ನನ್ನ ಕಾಲಿಗೆ ಬೀಳಲು ಬಂದಳು. ಬೇಡವೆಂದು ತಡೆದೆ. "ನಮ್ಮ ಮಾಮಾ ಖರೇ ಹೇಳಿದ್ರು ತಿಮ್ಮವ್ವ" ಎಂದೆ. ದುರುಗ ಅವಳ ತಂದೆ ಎಂದು ನನಗೆ ತಿಳಿದದ್ದು ಆಮೇಲೆ. ಹೊಳೆಯಲ್ಲಿ ನಡೆದದ್ದು ಅವಳಿಗೂ ಗೊತ್ತಿರಲಿಲ್ಲ.

ಸಂಜೆ ಶಿರಸ್ತೇದಾರರು, ಇಂಥ ಉರ್ದು ಯಾವಾಗ ಕಲಿತಿರಿ ಎಂದು ಕೇಳಿದರು. ಕಲಿತಿಲ್ಲ ಎಂದರೆ ನಂಬಲಿಲ್ಲ. ಅವತ್ತಿನಿಂದ ಈವರೆಗೆ ನಾನೂ ನಾನಾ ರೀತಿಯಲ್ಲಿ ಲೆಕ್ಕ ಹಾಕಿದ್ದೇನೆ. ಮಾಮಾ ಸಂದೇಶವನ್ನು ಗೋಡೆಯ ಕಡೆ ಮುಖ ಮಾಡಿ ಗುಣುಗುಣು ಎಂದು ಅಭ್ಯಾಸ ಮಾಡಿಕೊಳ್ಳುವುದಿತ್ತು. ಅದನ್ನು ನಾನು ಕೇಳಿಸಿಕೊಂಡು ಮರೆತಿದ್ದೆನೋ? ಆದರೆ ಆ ಪತ್ರ ಹೋದ ದಿನಗಳಲ್ಲಿ ನಾನು ಸಿರುಗುಪ್ಪದಲ್ಲಿದ್ದೆ, ಬಳ್ಳಾರಿಯ ಮುಖ ಕಂಡು ಮೂರು ತಿಂಗಳಾಗಿತ್ತು. ಹಳೆಯ ಸಾಹೇಬರು ಯಾರಿಗಾದರೂ ಹೇಳಿದ್ದರೆ? ಹೇಳಿದ್ದರೆ ಕಾಗದದಲ್ಲಿ ಒಂದು ಸಾಲಾದರೂ ಇರುತ್ತಿತ್ತು. ಬೆಂಚು ಬಡಿದ ಗಾಯ ಎಂಟು ದಿನ ಇತ್ತು. ಅದೊಂದಕ್ಕೆ ಮಾತ್ರ ನನ್ನಲ್ಲಿ ಕಾರಣವಿದೆ.

ಶಾಲು ತೆಗೆದುಕೊಂಡು ಕುರುಗೋಡಿಗೆ ಹೋದೆ. ಅತ್ತೆ ಪಡಸಾಲೆಯಲ್ಲಿ ಮೊರದ ತುಂಬ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿದೆ, ಒಂದು ಮಾತೂ ಬಿಡದೆ. ಅವರು ಕೈ ನಿಲ್ಲಿಸದೆ ಕೇಳಿದರು. ಶಾಲನ್ನು ಮುಟ್ಟಲಿಲ್ಲ.

"ಅಷ್ಟೆಲ್ಲಾ ಹೇಳಿದ್ರಲಾ" ಎಂದರು. "ಕಡೀಗೆ ತಮ್ಮ ಸಲುವಾಗಿ ಏನರೆ ಅಂದ್ರೇನು?"

"ಇಲ್ಲ ಅತ್ತಿ."

"ನಾ ಸುಳ್ಳು ಹೇಳಿಲ್ಲ ಅಂತರೆ?"

"ಇಲ್ಲ."

"ದಿವಾನಗ ಒಂದು ಬೈಗಳಾ?"

"ಇಲ್ಲ ಅತ್ತಿ. ಸರ್ಕಾರದವರ ಅಪ್ಪಣೆ ಇಷ್ಟು ಅಂದು ಮುಗಿಸಿದ್ರು."

ಅತ್ತೆ ಮೊರವನ್ನು ಕೆಳಗಿಟ್ಟರು. "ನಾ ಇಲ್ಲಿ ಒಬ್ಬಾಕಿ ಅದೀನಿ. ನನ್ನ ಬಗ್ಗೆ?" ಎಂದರು.

ನಾನು ತಲೆ ತಗ್ಗಿಸಿದೆ. ಆಗ ನನ್ನೊಳಗೆ ಎದ್ದ ಸಿಟ್ಟು ಅರಸರ ಮೇಲಿನದಲ್ಲ, ದಿವಾನನ ಮೇಲಿನದೂ ಅಲ್ಲ. ಸತ್ತ ಮೇಲೆ ಒಂದೇ ಒಂದು ಸಲ ಬಾಯಿ ಸಿಕ್ಕಿತ್ತು, ಅದೂ ನನ್ನ ಬಾಯಿ, ನನ್ನನ್ನು ಕೇಳದೆ ತೆಗೆದುಕೊಂಡದ್ದು. ಅದರಲ್ಲೂ ಆ ಮನುಷ್ಯ ನೌಕರಿಯನ್ನೇ ಮಾಡಿ ಹೋಗಿದ್ದರು.

ಅತ್ತೆ ಮೊರದಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದರು.

"ಹಂಗಾದ್ರ ಬಂದವರು ಅವರೇ ಬಿಡಪಾ" ಎಂದರು.

ನಾನು ಇವತ್ತಿಗೂ ಇಂಥದ್ದನ್ನು ನಂಬುವವನಲ್ಲ. ಆದರೆ ಅತ್ತೆಯ ಆ ಮಾತಿಗೆ ಎದುರು ಹೇಳಲು ನನಗೆ ಈವರೆಗೆ ಏನೂ ಸಿಕ್ಕಿಲ್ಲ.